ಕಡಲಿಗೆ ಹೋಗಲು ಕಾರೇ ಬೇಕೆ?

ಮೇ ತಿಂಗಳ ಮಧ್ಯಾಹ್ನ ಶಹಾಪುರದಲ್ಲಿ ಫ್ಯಾನ್ ಕೆಳಗೆ ಕುಳಿತು ಸ್ಪರ್ಧಾತ್ಮಕ ಪರೀಕ್ಷೆಗೆ ಓದಿದವರಿಗೆ ಕಡಲು ಏಕೆ ನೆನಪಾಗುತ್ತದೆ ಎಂದು ಯಾರೂ ವಿವರಿಸಬೇಕಿಲ್ಲ. ಪದವಿ ಮುಗಿಸಿ ಮನೆಯಲ್ಲೇ ಇದ್ದ ನನಗೆ 2024ರ ಮೇನಲ್ಲಿ ಹಾಗೇ ನೆನಪಾಯಿತು. ಅಪ್ಪನದು ಒಂದೇ ಮಾತು: ‘ನೌಕರಿ ಹತ್ತಿದ ಮ್ಯಾಲ ಹೋಗ್ರಿ. ಸಮುದ್ರ ಎಲ್ಲೂ ಓಡಿ ಹೋಗಂಗಿಲ್ಲ.’ ಅವ್ವ ನಡುವೆ ಬಂದು ಮೂರು ದಿನಕ್ಕೆ ಒಪ್ಪಿಸಿದಳು. ನಾನು, ಅಕ್ಕ, ಸುರಪುರದ ಕಾಕಾನ ಮಕ್ಕಳಿಬ್ಬರು. ಹೋಗುವುದು ಗೋಕರ್ಣಕ್ಕೆ.

ಯೋಜನೆ ಶುರುವಾಗಿದ್ದೇ ಕಾರಿನಿಂದ. ಈಗ ಯೋಚಿಸಿದರೆ ತಪ್ಪಿದ್ದೂ ಅಲ್ಲೇ. ಪರಿಚಯದವರೊಬ್ಬರು ದಿನಕ್ಕೆ 2,000 ರೂಪಾಯಿಯಂತೆ ತಮ್ಮ ಸ್ವಂತ ಕಾರು ಕೊಟ್ಟರು. ಬಿಳಿ ನಂಬರ್ ಪ್ಲೇಟ್, ಕರಾರು ಪತ್ರವಿಲ್ಲ, ರಸೀದಿಯಿಲ್ಲ. ಅಗ್ಗವೆಂದು ನಮಗೆ ಖುಷಿ. ಸುರಪುರದಿಂದ ತಿಂಥಣಿ ಬ್ರಿಡ್ಜ್, ಲಿಂಗಸುಗೂರು, ಹುಬ್ಬಳ್ಳಿ ಹಾದು ಅರಬೈಲ್ ಘಟ್ಟ ಇಳಿದರೆ ಗೋಕರ್ಣ ಒಂದು ಕಡೆಗೇ 400 ಕಿ.ಮೀ. ಆಸುಪಾಸು. ಒಟ್ಟು ಓಡಿದ್ದು 1,000 ಕಿ.ಮೀ. ಲೀಟರಿಗೆ ಹದಿನೈದರಂತೆ ಪೆಟ್ರೋಲಿಗೇ 6,700 ರೂಪಾಯಿ ಹೋಯಿತು. ಅದರಲ್ಲಿ 800 ಕಿ.ಮೀ. ಬರೀ ಹೋಗಿಬರುವುದಕ್ಕೆ. ಮೂರು ದಿನದಲ್ಲಿ ಹೆಚ್ಚುಕಡಿಮೆ ಒಂದೂವರೆ ದಿನ ಕಾರಿನ ಸೀಟಿನ ಮೇಲೆಯೇ ಕಳೆಯಿತು.

ವಾಪಸು ಬರುವಾಗ ಘಟ್ಟದಲ್ಲಿ ಮುಂದಿನ ಲಾರಿಗೆ ನಮ್ಮ ಕಾರು ತಾಗಿತು. ಯಾರಿಗೂ ಏನೂ ಆಗಲಿಲ್ಲ, ಬಂಪರ್ ಮತ್ತು ಲೈಟ್ ಒಡೆದವು. ಫೋನ್ ಮಾಡಿದರೆ ಮಾಲೀಕರು ಹೇಳಿದ್ದು, ‘ಬಾಡಿಗೀಗಿ ಕೊಟ್ಟೀನಂತ ಎಲ್ಲೂ ಬಾಯಿ ಬಿಡಬ್ಯಾಡ್ರಿ.’ ಆಗ ಗೊತ್ತಾಯಿತು ಕಾನೂನು. ಸ್ವಂತ ಬಳಕೆಗೆ ನೋಂದಣಿಯಾದ ಕಾರನ್ನು ಬಾಡಿಗೆಗೆ ಕೊಡುವಂತಿಲ್ಲ. ಕೊಟ್ಟು ಅಪಘಾತವಾದರೆ ವಿಮಾ ಕಂಪನಿ ಪರಿಹಾರ ನಿರಾಕರಿಸಬಹುದು. ನಾವೇ ಓಡಿಸುವ ಬಾಡಿಗೆ ಕಾರಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರಬೇಕು. ಚಾಲಕರ ಸಮೇತ ಬರುವ ಟ್ಯಾಕ್ಸಿಗಾದರೆ ಹಳದಿ ಪ್ಲೇಟಿನ ಮೇಲೆ ಕಪ್ಪು ಅಕ್ಷರ. ರಿಪೇರಿಗೆ 9,000 ರೂಪಾಯಿ ಕೈಯಿಂದ ಕೊಟ್ಟೆವು. ಅದರಲ್ಲಿ ದೊಡ್ಡ ಪಾಲು ದೊಡ್ಡ ತಮ್ಮ ಕೋಚಿಂಗ್ ಫೀಸಿಗೆಂದು ಕೂಡಿಟ್ಟಿದ್ದ ಹಣ. ಆ ವರ್ಷ ಅವನು ಕೋಚಿಂಗಿಗೆ ಹೋಗಲಿಲ್ಲ. ಲಾರಿಯವನ ಬದಲು ದಾರಿಹೋಕರಿಗೆ ತಾಗಿದ್ದರೆ? ಆ ಲೆಕ್ಕ ನಮ್ಮಲ್ಲಿ ಇವತ್ತಿಗೂ ಯಾರೂ ಹಾಕುವುದಿಲ್ಲ.

ಆದರೂ ಕಳೆದ ಏಪ್ರಿಲ್‌ನಲ್ಲಿ ಮತ್ತೆ ಹೋದೆವು. ಈ ಸಲ ಕಾರನ್ನು ಯೋಜನೆಯ ಕೊನೆಗೆ ತಳ್ಳಿದೆ. ಸಂಜೆ ಶಹಾಪುರದಲ್ಲಿ ಸಾರಿಗೆ ಬಸ್ ಹತ್ತಿ ನಸುಕಿಗೆ ಹುಬ್ಬಳ್ಳಿ, ಅಲ್ಲಿಂದ ಇನ್ನೊಂದು ಬಸ್ಸಿಗೆ ಕರಾವಳಿ. ಶಕ್ತಿ ಯೋಜನೆ ಬಂದ 2023ರ ಜೂನ್‌ನಿಂದ ನನಗೂ ಅಕ್ಕನಿಗೂ ಟಿಕೆಟ್ ದುಡ್ಡಿಲ್ಲ. ಸ್ಲೀಪರ್, ರಾಜಹಂಸಕ್ಕೆ ಅದು ನಡೆಯದು, ಆಧಾರ್ ಕಾರ್ಡ್ ಕೈಯಲ್ಲಿರಬೇಕು, ಅಷ್ಟೇ. ‘ನಿಮಗೇನ್ ಬಿಡ್ರಿ, ಪುಕ್ಕಟೆ’ ಎಂದು ತಮ್ಮಂದಿರು ಇಡೀ ರಾತ್ರಿ ಗೊಣಗಿದರು. ಯಾದಗಿರಿಗೆ ರೈಲುಂಟು, ಆದರೆ ಅದು ಮುಂಬೈ, ಬೆಂಗಳೂರಿನ ದಾರಿ. ಶಹಾಪುರ, ಸುರಪುರಕ್ಕೆ ಅದೂ ಇಲ್ಲ. ಬಸ್ಸೇ ಗತಿ ಎಂದು ಇಷ್ಟು ದಿನ ಬೈಯುತ್ತಿದ್ದ ನನಗೆ ಅಂದು ಅದೇ ಅನುಕೂಲವಾಗಿ ಕಂಡಿತು. ಒಬ್ಬರೂ ನಿದ್ದೆಗೆಟ್ಟು ಸ್ಟಿಯರಿಂಗ್ ಹಿಡಿಯಬೇಕಿರಲಿಲ್ಲ.

ಗೋಕರ್ಣದಲ್ಲಿ ಎರಡು ಸ್ಕೂಟರ್ ಬಾಡಿಗೆ ಹಿಡಿದೆವು. ಪ್ಲೇಟಿನ ಬಣ್ಣ ನೋಡಿಯೇ ಹಿಡಿದದ್ದು. ಕೊಡುವ ಮೊದಲು ಗಾಡಿಯ ಸುತ್ತಲೂ ವಿಡಿಯೊ ಮಾಡಿಕೊಂಡೆ. ಹಳೆಯ ಗೀರುಗಳಿಗೆ ಆಮೇಲೆ ನಾವು ದುಡ್ಡು ಕೊಡಬಾರದಲ್ಲ! ಹತ್ತಿರದ ತದಡಿಯಿಂದ ಆಚೆ ದಡದ ಅಘನಾಶಿನಿ ಊರಿಗೆ ದೋಣಿಯಿದೆ. ಜನರ ಜೊತೆ ಬೈಕ್, ಸ್ಕೂಟರ್‌ಗಳನ್ನೂ ದಾಟಿಸುತ್ತಾರೆ. ಕಾರಿನವರು ಮಿರ್ಜಾನ್ ಕಡೆಯಿಂದ ಸುತ್ತಿ ಬರಬೇಕು. ಹಿಂದಿನ ವರ್ಷ ನಾವು ಹಾಗೆ ಸುತ್ತಿದವರೇ, ಇಲ್ಲೊಂದು ದೋಣಿಯಿದೆ ಎಂಬುದೇ ತಿಳಿದಿರಲಿಲ್ಲ.

ದೋಣಿಯಲ್ಲಿ ಮೀನಿನ ಬುಟ್ಟಿಯವರು, ಶಾಲೆಯ ಮಕ್ಕಳು, ನಾವು. ನಾರಾಯಣಪುರದ ಅಣೆಕಟ್ಟಿನ ಗೇಟು ಎಷ್ಟು ತೆರೆದರು ಎಂದು ಕೇಳುತ್ತಾ ಬೆಳೆದ ನನಗೆ, ಹುಟ್ಟಿನಿಂದ ಕಡಲಿನವರೆಗೆ ಒಂದೂ ಅಣೆಕಟ್ಟಿಲ್ಲದೆ ಹರಿದು ಬಂದ ಹೊಳೆಯನ್ನು ನೋಡಿದ್ದು ಅದೇ ಮೊದಲು. ಅಳಿವೆಯ ನೀರಿನಲ್ಲಿ ಜನ ಸೊಂಟದವರೆಗೆ ಇಳಿದು ಬಳಚು ಆರಿಸುತ್ತಿದ್ದರು. ಈ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದೆ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಹೆಸರು ಕಾಲಬುಡದಲ್ಲೇ ಇತ್ತು. ದಾಟಿದ ಮೇಲೆ ಕಾಗಾಲ, ಬಾಡ ಎಂದು ಕುಮಟಾದ ಕಡೆ ಸಾಗಿದೆವು. ಕಾರಿನ ಕಿಟಕಿಯಿಂದ ಕಂಡ ಯಾವ ಬೀಚೂ ನನಗೆ ಇಷ್ಟು ನೆನಪಿಲ್ಲ.

ಕಾರು ಬೇಡವೇ ಬೇಡ ಎನ್ನುತ್ತಿಲ್ಲ. ಅವ್ವನಿಗೆ ಮೊಣಕಾಲು ನೋವು, ಅವಳನ್ನು ಸ್ಕೂಟರ್ ಮೇಲೆ ಕೂರಿಸಲಾಗದು. ಅಂಥವರು ಜೊತೆಗಿದ್ದರೆ ಅಲ್ಲೇ ಕುಮಟಾದಲ್ಲಿ ಒಂದು ದಿನಕ್ಕೆ ಹಳದಿ ಪ್ಲೇಟಿನ ಟ್ಯಾಕ್ಸಿ ಹಿಡಿದರೆ ಮುರುಡೇಶ್ವರ ಮುಗಿಯುತ್ತದೆ. ಊರಿನಿಂದ ಕಾರು ಒಯ್ಯುವ ಹಟ ಬಿಡಿ ಎಂಬುದಷ್ಟೇ ನನ್ನ ವಾದ. ಚಿಕ್ಕ ತಮ್ಮನಿಗೆ ಕಾರನ್ನೇ ಲಾಂಚ್ ಮೇಲೆ ಹತ್ತಿಸಿ ಸಿಗಂದೂರಿಗೆ ದಾಟುವ ಆಸೆಯಿತ್ತು. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಸೇತುವೆ ಉದ್ಘಾಟನೆಯಾಯಿತು. ಆ ಕಡೆಯ ಜನ ದಶಕಗಳಿಂದ ಕೇಳಿದ್ದ ಸೇತುವೆ ಅದು, ಸಿಕ್ಕಿದ್ದು ಒಳ್ಳೆಯದೇ. ಇವನ ರೀಲ್ಸ್ ಮಾತ್ರ ಹಾಗೇ ಉಳಿಯಿತು.

ದಿನಾಂಕ ಇಡುವಾಗ ಏಪ್ರಿಲ್ ಅಥವಾ ಮೇ ಮೊದಲ ವಾರ ನೋಡಿ. ಮುಂಗಾರು ಹತ್ತಿರವಾದಂತೆ ಕಡಲು ಒರಟಾಗುತ್ತದೆ, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳೂ ಮಳೆಗಾಲಕ್ಕೆ ನಿಲ್ಲುತ್ತವೆ. ಯಾವ ದೋಣಿಯೇ ಇರಲಿ, ಹತ್ತುವಾಗಲೇ ಕೊನೆಯ ಸರದಿ ಎಷ್ಟು ಗಂಟೆಗೆ ಎಂದು ಅಲ್ಲಿನವರನ್ನು ಕೇಳಿಕೊಳ್ಳಿ.

ಇನ್ನು ನೀರಿನ ಮಾತು. ಹೊಳೆ ತುಂಬಿದಾಗ ನೀಲಕಂಠರಾಯನಗಡ್ಡಿಯ ಜನ ಪಡುವ ಪಾಡನ್ನು ಪತ್ರಿಕೆಯಲ್ಲಿ ಓದಿ ಬೆಳೆದ ನಾವು ಕೃಷ್ಣೆಗೆ ಹೆದರುತ್ತೇವೆ. ಕಡಲನ್ನು ಕಂಡರೆ ಮಾತ್ರ ಓಡಿ ಹೋಗಿ ಇಳಿಯುತ್ತೇವೆ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಸಮುದ್ರದಲ್ಲಿ ಮುಳುಗಿ ತೀರಿಕೊಂಡರು. ಎರಡನೇ ಪ್ರವಾಸದ ಮಾತೆತ್ತಿದಾಗ ಅಪ್ಪ ಆ ದಿನದ ಪತ್ರಿಕೆಯ ಪುಟವನ್ನೇ ನನ್ನ ಮುಂದಿಟ್ಟಿದ್ದರು. ಜೀವರಕ್ಷಕರು ಇಲ್ಲದ ಕಡೆ ಮೊಣಕಾಲಿಗಿಂತ ಆಳಕ್ಕೆ ಇಳಿಯುವುದಿಲ್ಲ, ಜಾಕೆಟ್ ಇಲ್ಲದೆ ದೋಣಿ ಹತ್ತುವುದಿಲ್ಲ ಎಂದು ಮಾತು ಕೊಟ್ಟ ಮೇಲೆಯೇ ಹೊರಟದ್ದು. ತದಡಿಯಲ್ಲಿ ಜಾಕೆಟ್ ಕೇಳಿ ಹಾಕಿಕೊಂಡಾಗ ತಮ್ಮಂದಿರು ನಕ್ಕರು. ನಗಲಿ.

ಈ ಬೇಸಿಗೆಗೆ ಅವ್ವನೂ ಬರುತ್ತಾಳಂತೆ. ಅಪ್ಪ ನಿನ್ನೆ ಊಟಕ್ಕೆ ಕೂತಾಗ ಕೇಳಿದರು: ‘ಆ ದೋಣ್ಯಾಗ ಕೂಡಾಕ ಜಾಗ ಇರತದೇನು, ನಿಂತs ಹೋಗಬೇಕೇನು?’