ಪೈಜಾಮದ ಲೇಬಲ್ ನುಡಿದ ಸಾಕ್ಷ್ಯ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ನಮ್ಮಲ್ಲಿದೆ. ಲಂಡನ್ನಿನ ಹಿಲ್‌ಡ್ರಾಪ್ ಕ್ರೆಸೆಂಟ್ ಬೀದಿಯ 39ನೇ ನಂಬರಿನ ಮನೆಯಲ್ಲಿ 1910ರ ಜನವರಿ 31ರ ರಾತ್ರಿ ಊಟವೇನೋ ಆಯಿತು. ಊಟಕ್ಕೆ ಬಂದಿದ್ದ ಸ್ನೇಹಿತ ದಂಪತಿಗಳು ನಡುರಾತ್ರಿ ಕಳೆದ ಮೇಲೆ ಹೊರಟುಹೋದರು. ಆ ಮನೆಯೊಡತಿಯನ್ನು ಮತ್ತೆ ಯಾರೂ ಕಾಣಲಿಲ್ಲ.

ವಿದ್ಯಾರ್ಥಿಗಳು ಓದುವ ಅಂಕಣದಲ್ಲಿ ಕೊಲೆಯ ಕಥೆಯೇ ಎಂದು ಹುಬ್ಬೇರಿಸುವ ತಂದೆತಾಯಂದಿರು ಸ್ವಲ್ಪ ತಾಳಬೇಕು. ಟಿ.ವಿ.ಯಲ್ಲಿ ದಿನವೂ ಬರುವ ಅಪರಾಧ ಕಥೆಗಳಲ್ಲಿ ರಕ್ತ ಹೆಚ್ಚು, ತರ್ಕ ಕಡಿಮೆ. ಇಲ್ಲಿ ತರ್ಕವೇ ಹೆಚ್ಚು.

ಮನೆಯ ಯಜಮಾನ ಹಾಲಿ ಹಾರ್ವೆ ಕ್ರಿಪ್ಪೆನ್, ಅಮೆರಿಕದ ಮಿಶಿಗನ್ ರಾಜ್ಯದಿಂದ ಬಂದ ಹೋಮಿಯೋಪತಿ ವೈದ್ಯ. ಕುಳ್ಳು ದೇಹ, ದಪ್ಪ ಕನ್ನಡಕ, ಮೆತ್ತಗಿನ ಮಾತು. ಹೆಂಡತಿ ಕೋರಾ, ಬೆಲ್ ಎಲ್ಮೋರ್ ಎಂಬ ಹೆಸರಿನಲ್ಲಿ ರಂಗದ ಮೇಲೆ ಹಾಡುತ್ತಿದ್ದಳು. ಹೇಳಿಕೊಳ್ಳುವಂಥ ಯಶಸ್ಸು ಸಿಕ್ಕಿರಲಿಲ್ಲ. ಇಬ್ಬರಿಗೂ ಹೊಂದಿಕೆಯಿಲ್ಲ. ಕ್ರಿಪ್ಪೆನ್‌ಗೆ ಕಚೇರಿಯ ಟೈಪಿಸ್ಟ್ ಎತೆಲ್ ಲೆ ನೀವ್ ಮೇಲೆ ಪ್ರೀತಿ. ಹೆಂಡತಿ ಅಮೆರಿಕಕ್ಕೆ ಹೋದಳೆಂದು ಮೊದಲು, ಅಲ್ಲೇ ತೀರಿಕೊಂಡಳೆಂದು ಆಮೇಲೆ ಅವನು ಎಲ್ಲರಿಗೂ ಹೇಳಿದ. ಆದರೆ ಕೋರಾಳ ಆಭರಣ ಎತೆಲ್‌ಳ ಉಡುಪಿನ ಮೇಲೆ ಹೊಳೆಯುತ್ತಿದ್ದುದನ್ನು ಕೋರಾಳ ಗೆಳತಿಯರು ಗಮನಿಸಿದರು. ವಿಷಯ ಸ್ಕಾಟ್‌ಲೆಂಡ್ ಯಾರ್ಡ್‌ಗೆ ಮುಟ್ಟಿತು.

ತನಿಖೆ ವಹಿಸಿಕೊಂಡವರು ಇನ್‌ಸ್ಪೆಕ್ಟರ್ ವಾಲ್ಟರ್ ಡ್ಯೂ. ಷರ್ಲಾಕ್ ಹೋಮ್ಸ್‌ನ ಹಾಗೆ ಬೂಟಿನ ಕೆಸರು ನೋಡಿ ಜಾತಕ ಹೇಳುವವರಲ್ಲ. ತಾಳ್ಮೆಯ ಪೊಲೀಸ್ ಅಧಿಕಾರಿ. ಜುಲೈ 8ರಂದು ವಿಚಾರಿಸಿದಾಗ ಕ್ರಿಪ್ಪೆನ್, ಹೆಂಡತಿ ಸತ್ತಿಲ್ಲ, ಬೇರೆಯವನ ಜತೆ ಓಡಿಹೋಗಿದ್ದಾಳೆ, ಮರ್ಯಾದೆಗೆ ಅಂಜಿ ಸುಳ್ಳು ಹೇಳಿದೆ ಎಂದ. ನಂಬುವಂಥ ಮಾತೇ. ಡ್ಯೂ ಅಂದೇ ಮನೆಯನ್ನೆಲ್ಲ ನೋಡಿದರು, ನೆಲಮಾಳಿಗೆಗೂ ಇಳಿದರು, ಏನೂ ಸಿಗಲಿಲ್ಲ. ಮೂರು ದಿನ ಬಿಟ್ಟು ಕೆಲವು ಸಣ್ಣ ವಿವರ ಕೇಳಲು ಮತ್ತೆ ಹೋದರೆ ಹಕ್ಕಿಗಳೆರಡೂ ಹಾರಿಹೋಗಿದ್ದವು! ಜುಲೈ 13ರಂದು ನೆಲಮಾಳಿಗೆಯ ಇಟ್ಟಿಗೆಗಳ ಸಂದಿಗೆ ಕಬ್ಬಿಣದ ಸಲಾಕೆ ತೂರಿಸಿದಾಗ ಇಟ್ಟಿಗೆ ಸಡಿಲವಾಗಿತ್ತು. ಕೆಳಗೆ ಸುಣ್ಣ ಬೆರೆತ ಮಣ್ಣಿನಲ್ಲಿ ಮನುಷ್ಯದೇಹದ ಅವಶೇಷ. ತಲೆಯಿಲ್ಲ, ಮೂಳೆಯಿಲ್ಲ. ಗಂಡೋ ಹೆಣ್ಣೋ ಎಂದು ಹೇಳುವುದೂ ಕಷ್ಟ.

ಅತ್ತ ಕ್ರಿಪ್ಪೆನ್ ಮೀಸೆ ಬೋಳಿಸಿ, ಎತೆಲ್‌ಗೆ ಹುಡುಗನ ವೇಷ ಹಾಕಿಸಿ, ಆಂಟ್‌ವರ್ಪ್‌ನಲ್ಲಿ ಮಾಂಟ್ರೋಸ್ ಎಂಬ ಹಡಗು ಹತ್ತಿದ್ದ. ಈ ತಂದೆ ಮಗ ಕೈ ಹಿಡಿದುಕೊಂಡು ಓಡಾಡುವ ರೀತಿ ಕಪ್ತಾನ ಕೆಂಡಾಲ್‌ಗೆ ಸರಿಕಾಣಲಿಲ್ಲ. ಹಡಗಿನ ನಿಸ್ತಂತು ಯಂತ್ರದ ಸಂದೇಶ ಸುಮಾರು 150 ಮೈಲಿ ದೂರದವರೆಗೆ ಮಾತ್ರ ಹೋಗಬಲ್ಲದು. ದಡ ಆ ಅಳತೆ ಮೀರುವ ಮುಂಚೆ, ಜುಲೈ 22ರಂದು, ಅವನು ತನ್ನ ಅನುಮಾನವನ್ನು ಲಂಡನ್‌ಗೆ ತಿಳಿಸಿದ. ಡ್ಯೂ ಮರುದಿನವೇ ಹೆಚ್ಚು ವೇಗದ ಲಾರೆಂಟಿಕ್ ಹಡಗು ಹಿಡಿದು, ಮೊದಲೇ ಕೆನಡಾ ಮುಟ್ಟಿ, ಜುಲೈ 31ರಂದು ಇಬ್ಬರನ್ನೂ ಬಂಧಿಸಿದರು. ಪತ್ರಿಕೆ ಓದುವ ಜಗತ್ತಿಗೆಲ್ಲ ಗೊತ್ತಿದ್ದ ಈ ಬೆನ್ನಟ್ಟುವಿಕೆ ಓಡುತ್ತಿದ್ದ ಇಬ್ಬರಿಗೆ ಮಾತ್ರ ಗೊತ್ತಿರಲಿಲ್ಲ.

ಬಂಧಿಸುವುದು ಬೇರೆ, ಸಾಬೀತುಪಡಿಸುವುದು ಬೇರೆ. ಸಿಕ್ಕಿದ ದೇಹ ಯಾರದ್ದು?

ಅವಶೇಷಗಳಲ್ಲಿ ಡಾಕ್ಟರ್ ವಿಲ್‌ಕಾಕ್ಸ್ ಹಯೋಸಿನ್ ಎಂಬ ವಿಷವನ್ನು ಪತ್ತೆಹಚ್ಚಿದರು. ನಮ್ಮ ಬೇಲಿಬದಿಯ ಉಮ್ಮತ್ತಿ ಗಿಡದಲ್ಲಿರುವುದೂ ಇದೇ, ಪರೀಕ್ಷಿಸಲು ಹೋಗಬೇಡಿ. ಅವರು ಬೇರ್ಪಡಿಸಿದ ದ್ರಾವಣದ ಒಂದು ತೊಟ್ಟನ್ನು ಬೆಕ್ಕಿನ ಕಣ್ಣಿಗೆ ಹಾಕಿದಾಗ ಪಾಪೆ ಅಗಲವಾಯಿತು. ಅದೇ ಗುಂಪಿನ ಅಟ್ರೊಪಿನ್ ಕೂಡ ಹಾಗೆ ಮಾಡುತ್ತದಾದ್ದರಿಂದ ಹರಳುಗಳ ರೂಪವನ್ನೂ ನೋಡಿ ಬೇರ್ಪಡಿಸಿದರು. ಜನವರಿಯಲ್ಲಿ ಕ್ರಿಪ್ಪೆನ್ 5 ಗ್ರೇನ್, ಅಂದರೆ ಸುಮಾರು 325 ಮಿಲಿಗ್ರಾಂ ಹಯೋಸಿನ್ ಕೊಂಡು ಅಂಗಡಿಯ ವಿಷದ ಪುಸ್ತಕದಲ್ಲಿ ತಾನೇ ಸಹಿ ಹಾಕಿದ್ದ. ಔಷಧಿಗೆ ಬೇಕಾಗುವುದು ಒಂದು ಮಿಲಿಗ್ರಾಂಗಿಂತಲೂ ಕಡಿಮೆ.

ಚರ್ಮದ ಒಂದು ತುಂಡಿನ ಮೇಲಿದ್ದ ಗುರುತು ಕೋರಾಳ ಶಸ್ತ್ರಚಿಕಿತ್ಸೆಯ ಗಾಯದ ಕಲೆ ಎಂದು ತರುಣ ವೈದ್ಯ ಬರ್ನಾರ್ಡ್ ಸ್ಪಿಲ್ಸ್‌ಬರಿ ಸೂಕ್ಷ್ಮದರ್ಶಕದ ಆಧಾರದಿಂದ ವಾದಿಸಿದ. ಅದು ಬರೀ ಚರ್ಮದ ಮಡಿಕೆ ಎಂದರು ಎದುರು ಪಕ್ಷದ ತಜ್ಞರು.

ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು ಪ್ರಯೋಗಶಾಲೆಯ ಸಾಕ್ಷ್ಯವಲ್ಲ, ಬಟ್ಟೆಯಂಗಡಿಯದು. ನಾವು ಆ ಮನೆಗೆ ಬಂದದ್ದು 1905ರ ಸೆಪ್ಟೆಂಬರಿನಲ್ಲಿ, ಹೆಣ ಅದಕ್ಕೂ ಹಿಂದಿನದಿರಬಹುದು ಎಂಬುದು ಆರೋಪಿಯ ವಾದ. ಆದರೆ ಅವಶೇಷಗಳ ಜತೆ ಪೈಜಾಮದ ಮೇಲಂಗಿಯ ತುಂಡಿತ್ತು. ಅದರ ಲೇಬಲ್ ಮೇಲೆ ಜೋನ್ಸ್ ಬ್ರದರ್ಸ್ ಲಿಮಿಟೆಡ್ ಎಂದಿತ್ತು. ಆ ಅಂಗಡಿ ಲಿಮಿಟೆಡ್ ಕಂಪೆನಿ ಆದದ್ದೇ 1906ರಲ್ಲಿ! ಆ ಬಟ್ಟೆ 1908ಕ್ಕೆ ಮುಂಚೆ ಇರಲೇ ಇಲ್ಲವೆಂದು ಅಂಗಡಿಯವನು ಬಂದು ನುಡಿದ. ಹೊಂದುವ ಪೈಜಾಮ ಕ್ರಿಪ್ಪೆನ್ ಮನೆಯಲ್ಲೇ ಸಿಕ್ಕಿತು. ಜ್ಯೂರಿ 27 ನಿಮಿಷದಲ್ಲಿ ತೀರ್ಮಾನಕ್ಕೆ ಬಂದಿತು. ನವೆಂಬರ್ 23ರಂದು ಅವನನ್ನು ಗಲ್ಲಿಗೇರಿಸಿದರು, ಎತೆಲ್ ಬಿಡುಗಡೆಯಾದಳು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಸ್ಪಿಲ್ಸ್‌ಬರಿ ನೋಡಿದ್ದ ಗಾಜಿನ ಸ್ಲೈಡ್ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಉಳಿದಿತ್ತು. ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವ ಮೈಟೊಕಾಂಡ್ರಿಯದ ಡಿಎನ್‌ಎಯನ್ನು ಅಮೆರಿಕದ ಡೇವಿಡ್ ಫೋರನ್ ಪರೀಕ್ಷಿಸಿ, ಅದು ಕೋರಾಳ ತಾಯಿಕಡೆಯ ವಂಶಸ್ಥರದ್ದಕ್ಕೆ ಹೊಂದುವುದಿಲ್ಲವೆಂದು 2007ರಲ್ಲಿ ಪ್ರಕಟಿಸಿದರು. ಆ ಅಂಗಾಂಶ ಗಂಡಸಿನದೆಂದೂ ಕಂಡಿತು! ಹಾಗಾದರೆ ನೇಣಿಗೇರಿದವನು ನಿರಪರಾಧಿಯೇ? ಸುಮಾರು ನೂರು ವರ್ಷ ಎಷ್ಟೋ ಕೈ ಸೋಕಿದ ಸ್ಲೈಡ್ ಅದು. ವಂಶವೃಕ್ಷದಲ್ಲಿ ಒಂದು ಕೊಂಬೆ ತಪ್ಪಿದರೂ ಹೋಲಿಕೆ ಕೆಡುತ್ತದೆ ಎನ್ನುವವರೂ ಇದ್ದಾರೆ. ನನ್ನ ತೂಕ ಅವರ ಕಡೆಗೆ. ದೇಹ ಬೇರೆಯವರದ್ದೇ ಆದರೂ ಆ ಮೇಲಂಗಿ ಅದರ ಜತೆ ಹೇಗೆ ಬಂತೆಂದು ಡಿಎನ್‌ಎ ಹೇಳುವುದಿಲ್ಲವಲ್ಲ. ಕ್ರಿಪ್ಪೆನ್‌ನ ಬಂಧುವೊಬ್ಬರು ತೀರ್ಪಿನ ಮರುಪರಿಶೀಲನೆ ಕೋರಿದ್ದರು. ಮೊಕದ್ದಮೆಯನ್ನು ಮೇಲ್ಮನವಿ ನ್ಯಾಯಾಲಯಕ್ಕೆ ಕಳಿಸಲು ಬ್ರಿಟನ್ನಿನ ಆಯೋಗ 2009ರಲ್ಲಿ ಒಪ್ಪಲಿಲ್ಲ.