ಎದೆಬಡಿತ ತಪ್ಪಿದರೆ ಮೆಗ್ನೀಸಿಯಂ ಮಾತ್ರೆ ಸಾಕೇ?

‘ಎದೆಬಡಿತ ಏರುಪೇರಾದರೆ ಮೆಗ್ನೀಸಿಯಂ ಮಾತ್ರೆ ನುಂಗಿ’ ಎಂಬ ಸಂದೇಶ ನಿಮಗೂ ಬಂದಿದೆಯೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ.

ಅಜಿತ್ರೋಮೈಸಿನ್, ಹ್ಯಾಲೊಪೆರಿಡಾಲ್, ಡೊಂಪೆರಿಡೋನ್‌ನಂತಹ ಔಷಧಿಗಳು ಕೆಲವರಲ್ಲಿ, ಒಂದು ಬಡಿತದ ನಂತರ ಹೃದಯ ಮುಂದಿನದಕ್ಕೆ ಸಜ್ಜಾಗುವುದನ್ನು ತಡ ಮಾಡುತ್ತವೆ. ಇದರಿಂದ ಅಪರೂಪಕ್ಕೆ ‘ಟಾರ್ಸಾಡ್’ ಎಂಬ, ಪ್ರಾಣಕ್ಕೇ ಕುತ್ತಾಗಬಲ್ಲ ವೇಗದ ಬಡಿತ ಶುರುವಾಗಬಹುದು.

ಇದಕ್ಕೆ ಮೊದಲ ಚಿಕಿತ್ಸೆ ಮೆಗ್ನೀಸಿಯಂ ಎನ್ನುವುದು ನಿಜ. ಆದರೆ ಅದು ಮಾತ್ರೆಯಲ್ಲ. ಆಸ್ಪತ್ರೆಯಲ್ಲಿ ಇಸಿಜಿ ನೋಡುತ್ತಾ ರಕ್ತನಾಳಕ್ಕೆ ಕೊಡುವ ಸುಮಾರು 2 ಗ್ರಾಂ ಮೆಗ್ನೀಸಿಯಂ ಸಲ್ಫೇಟ್. ರಕ್ತದಲ್ಲಿ ಮೆಗ್ನೀಸಿಯಂ ಸರಿಯಾಗಿದ್ದವರಿಗೂ ಕೊಡುತ್ತಾರೆ. ಜೊತೆಗೆ ಕಾರಣವಾದ ಔಷಧಿಯನ್ನು ನಿಲ್ಲಿಸಿ, ಪೊಟ್ಯಾಸಿಯಂ ಕೊರತೆಯಿದ್ದರೆ ಸರಿಪಡಿಸುತ್ತಾರೆ. ನುಂಗಿದ ಮಾತ್ರೆ ಅಷ್ಟು ಬೇಗ ರಕ್ತ ಸೇರುವುದಿಲ್ಲ.

ನಾವು ಹೇಳುವುದಿಷ್ಟೇ: ಔಷಧಿ ಸೇವಿಸುತ್ತಿರುವಾಗ ಎದೆ ಡವಡವ ಹೊಡೆದು ಕಣ್ಣು ಕತ್ತಲೆಗಟ್ಟಿದರೆ ಮಾತ್ರೆ ಹುಡುಕಬೇಡಿ, 108ಕ್ಕೆ ಕರೆ ಮಾಡಿ. ಯಾವ ಔಷಧಿ ನುಂಗಿದ್ದೀರೆಂದು ವೈದ್ಯರಿಗೆ ತಪ್ಪದೇ ಹೇಳಿ.