ನಿಂತಲ್ಲೇ ನಡುಗುವ ಬಂಡಿ

ಜತ್ತ ತಾಲೂಕಿನ ಉಮದಿಯ ಕಡೆಯ ನಿವೃತ್ತ ಮಾಸ್ತರರೊಬ್ಬರ ಅಂಗಳದಲ್ಲಿ 1986ರ ಪ್ರೀಮಿಯರ್ ಪದ್ಮಿನಿಯೊಂದಿದೆ. ವಿಜಯಪುರದ ದಾರಿಯಲ್ಲಿ ಓಡುವಾಗ ಅದರಷ್ಟು ಸಾಧುವಾದ ಗಾಡಿ ಮತ್ತೊಂದಿಲ್ಲ. ಆದರೆ ಕಳೆದ ಮಳೆಗಾಲದ ಬಳಿಕ ನಿಲ್ಲಿಸಿದೊಡನೆ ಅದಕ್ಕೆ ಚಳಿಜ್ವರ ಬಂದಂತಾಗತೊಡಗಿತು. ಬಾನೆಟ್ಟು ಅದುರುವುದು, ಕನ್ನಡಿಯಲ್ಲಿ ಹಿಂದಿನ ರಸ್ತೆ ಎರಡಾಗಿ ಕಾಣುವುದು, ಕೊನೆಗೊಮ್ಮೆ ಬಿಕ್ಕಿ ಎಂಜಿನ್ನೇ ಆರಿಹೋಗುವುದು. ನೋಂದಣಿಯ ನವೀಕರಣಕ್ಕೆ ಒಂದೇ ತಿಂಗಳು ಉಳಿದಿತ್ತು. ಅದಕ್ಕೆ ಹೊಗೆ ತಪಾಸಣೆಯ ಪ್ರಮಾಣಪತ್ರ ಬೇಕು. ಆ ತಪಾಸಣೆ ನಡೆಯುವುದಾದರೂ ಎಂಜಿನ್ ನಿಂತಲ್ಲೇ ಮೆಲ್ಲಗೆ ತಿರುಗುತ್ತಿರುವಾಗ. ಗುಜರಿಗೆ ಹಾಕಿಬಿಡಿರೆಂದು ಪುಣೆಯಿಂದ ಮಗನ ಫೋನು ಬೇರೆ.

ಹತ್ತಿರದ ಗ್ಯಾರೇಜಿನ ಹುಡುಗ ಐದು ನಿಮಿಷದಲ್ಲಿ ರೋಗ ವಾಸಿಮಾಡಿದ. ಕಾರ್ಬೊರೇಟರಿನ ಮಿಶ್ರಣದ ತಿರುಪನ್ನು ಹೊರಕ್ಕೆ ಸಡಿಲಿಸಿ ಪೆಟ್ರೋಲು ಹೆಚ್ಚಿಸಿದ, ನಡುಕ ತಗ್ಗಿತು. ಮಾಸ್ತರರು ಸಂತೋಷದಿಂದ ತಪಾಸಣೆಗೆ ಹೋದರೆ, ಇಂಥ ಹಳೆಯ ಕಾರುಗಳಿಗೆ ನಿಗದಿಯಾದ ಶೇಕಡಾ 3ರ ಕಾರ್ಬನ್ ಮಾನಾಕ್ಸೈಡ್ ಮಿತಿಯನ್ನು ಗಾಡಿ ದಾಟಿಬಿಟ್ಟಿತ್ತು. ನಡುಕವನ್ನು ಎಣ್ಣೆಯಲ್ಲಿ ಮುಳುಗಿಸಿದರೆ ಅದು ಹೊಗೆಯಾಗಿ ಹೊರಬರುತ್ತದೆ.

ಪದ್ಮಿನಿಯೆಂದರೆ ಇಂದಿನವರಿಗೆ ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿ. ಅಂಥ ಕೊನೆಯ ಟ್ಯಾಕ್ಸಿ ರಸ್ತೆಯಿಂದ ಸರಿದದ್ದು 2023ರ ಅಕ್ಟೋಬರಿನಲ್ಲಿ. ಆದರೆ ಅದರ ಮೂಲವಾದ ಫಿಯೆಟ್ 1100 ಬಗೆಯ ಕಾರುಗಳು ಮದರಾಸಿನ ಬಳಿಯ ಶೋಲಾವರಂ ಪಂದ್ಯಗಳಲ್ಲಿ ಓಟದ ಕುದುರೆಗಳಾಗಿದ್ದವು. ವಿದೇಶದ ನಿಜವಾದ ಸ್ಪೋರ್ಟ್ಸ್ ಕಾರುಗಳನ್ನು ಕಾಣದ ನಮ್ಮ ಕಡೆಯವರಿಗೆ 1089 ಸಿ.ಸಿ.ಯ ಆ ನಾಲ್ಕು ಸಿಲಿಂಡರುಗಳೇ ವೇಗದ ಮೊದಲ ಪಾಠ. ಅವುಗಳ ರೋಗವೂ ಔಷಧವೂ ಕಾರ್ಬೊರೇಟರುಳ್ಳ ಯಾವ ಹಳೆಯ ಕಾರಿಗಾದರೂ ಬಹುಮಟ್ಟಿಗೆ ಅವೇ.

ಓಡುವಾಗ ಇಲ್ಲದ ನಡುಕ ನಿಂತಾಗ ಏಕೆ? ಕಾಲು ಎತ್ತಿದಾಗ ಥ್ರಾಟಲಿನ ತಟ್ಟೆ ಬಹುತೇಕ ಮುಚ್ಚಿಕೊಳ್ಳುತ್ತದೆ. ಅದರ ಕೆಳಗೆ ಎಂಜಿನ್ನಿನ ಹೀರುವಿಕೆ ಅತಿ ಬಲವಾಗಿರುತ್ತದೆ. ಪೆಟ್ರೋಲು ಮಾತ್ರ ಸೂಜಿಮೊನೆಯಷ್ಟು ಚಿಕ್ಕದಾದ ಐಡಲ್ ಜೆಟ್ಟಿನ ಮೂಲಕ ಹನಿಹನಿಯಾಗಿ ಬರಬೇಕು. ಆಗ ಎಲ್ಲಿಯಾದರೂ ಕೂದಲೆಳೆಯಷ್ಟು ಸಂದಿಯಿದ್ದರೆ ಒಳನುಗ್ಗುವ ಕಳ್ಳಗಾಳಿ ಇಡೀ ಮಿಶ್ರಣವನ್ನು ಕೆಡಿಸುತ್ತದೆ. ವೇಗದಲ್ಲಿ ಗಾಳಿ-ಪೆಟ್ರೋಲುಗಳ ಪ್ರವಾಹ ದೊಡ್ಡದು. ಅಷ್ಟು ಗಾಳಿ ಅದರಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಮಾಸ್ತರರು ಕಡೆಗೆ ಹೋದದ್ದು ಜತ್ತದ ವೃದ್ಧ ಮಿಸ್ತ್ರಿಯೊಬ್ಬರ ಬಳಿಗೆ. "ಕಾರ್ಬೊರೇಟರಿಗೆ ಆಮ್ಯಾಲೆ ಕೈ ಹಚ್ಚೂನ್ರಿ ಮಾಸ್ತರ, ಮೊದಲ ಕಿಡಿ ನೋಡೂನು" ಎಂದರು ಅವರು. ಹುಡುಗ ತಿರುಗಿಸಿದ ತಿರುಪನ್ನು ಮೆತ್ತಗೆ ಒಳಕ್ಕೆ ಕೂರಿಸಿ, ಒಂದೂವರೆ ಸುತ್ತು ಹೊರಕ್ಕೆ ತಂದರು. ಇಲ್ಲಿ ಬಿಗಿಮಾಡಬಾರದು, ಬಿಗಿಮಾಡಿದರೆ ತಿರುಪಿನ ಮೊನೆಯಲ್ಲಿ ಗಾಡಿ ಬಿದ್ದು ಮುಂದೆ ಯಾವ ಹೊಂದಾಣಿಕೆಯೂ ನಿಲ್ಲುವುದಿಲ್ಲ. ಮಸಿ ಹಿಡಿದ ಪ್ಲಗ್ಗುಗಳನ್ನು ತೊಳೆದರು, ಟ್ಯಾಪೆಟ್ಟುಗಳ ಸಂದಿ ಅಳೆದರು, ಡಿಸ್ಟ್ರಿಬ್ಯೂಟರಿನ ಪಾಯಿಂಟನ್ನು ಉಜ್ಜಿ ಹೊಂದಿಸಿದರು, ಕಂಡೆನ್ಸರ್ ಬದಲಿಸಿದರು. ನಡುಕ ತಿರುಗಿ ಬಂದು ನಿಂತಿತು. ಆ ಬಳಿಕ, ರಬ್ಬರಿನ ಹಿಡಿಯುಳ್ಳ ಇಕ್ಕಳದಿಂದ ಪ್ಲಗ್ಗಿನ ತಂತಿಗಳನ್ನು ಒಂದೊಂದಾಗಿ ಕಳಚಿ ನೋಡಿದರು. ತಂತಿ ಕಳಚಿದರೂ ಸದ್ದು ಬದಲಾಗದಿದ್ದರೆ ಆ ಸಿಲಿಂಡರೇ ದುಡಿಯುತ್ತಿಲ್ಲವೆಂದು ಅರ್ಥ. ಇಲ್ಲಿ ನಾಲ್ಕೂ ಒಂದೇ ರೀತಿ ಕುಗ್ಗಿದವು. ಅಂದರೆ ದೋಷ ನಾಲ್ಕಕ್ಕೂ ಸಮಾನವಾದ ಜಾಗದಲ್ಲಿದೆ. ಕಿಡಿಯ ಕೆಲಸ ಮುಗಿದಿತ್ತು, ಉಳಿದದ್ದು ಮಿಶ್ರಣ.

ಮಿಸ್ತ್ರಿ ಒಂದು ಪಿಚಕಾರಿಯಲ್ಲಿ ನೀರು ತುಂಬಿಕೊಂಡು ಕಾರ್ಬೊರೇಟರಿನ ಬುಡದ ಸುತ್ತ ಹನಿಸಿದರು. ಕೆಲವರು ಇಲ್ಲಿ ಪೆಟ್ರೋಲನ್ನೇ ಸಿಂಪಡಿಸುತ್ತಾರೆ. ಕಾದ ಎಂಜಿನ್ನಿನ ಮೇಲೆ ಅದು ಬೆಂಕಿಯೊಡನೆ ಆಡುವ ಆಟ. ಬಲಗಡೆಯ ಮೂಲೆಗೆ ನೀರು ಬಿದ್ದೊಡನೆ ಎಂಜಿನ್ನಿನ ಸದ್ದು ಬದಲಾಯಿತು. ಬಿಚ್ಚಿ, ಬುಡದ ತಟ್ಟೆಯನ್ನು ಗಾಜಿನ ಮೇಲೆ ಇಟ್ಟರೆ ಅದು ಕುಂಟುಪೀಠದಂತೆ ತೂಗಿತು. ಸೋರುವಿಕೆ ನಿಲ್ಲಿಸಲೆಂದು ವರ್ಷಗಳಿಂದ ಯಾರ್ಯಾರೋ ನಟ್ಟುಗಳನ್ನು ಬಿಗಿದು ಬಿಗಿದು ತಟ್ಟೆಯ ಕಿವಿಗಳನ್ನೇ ಬಾಗಿಸಿದ್ದರು. ಬಿಗಿದಷ್ಟೂ ನಡುವೆ ಸಂದಿ ದೊಡ್ಡದಾಗಿತ್ತು. ಗಾಜಿನ ಮೇಲೆ ಎಮರಿ ಕಾಗದ ಹಾಸಿ, ಮುಕ್ಕಾಲು ಗಂಟೆ ತಿಕ್ಕಿ ಸಮಮಾಡಿ, ಹೊಸ ಗ್ಯಾಸ್ಕೆಟ್ ಹಾಕಿದರು. ಗಾಡಿ ಮುಕ್ಕಾಲುಪಾಲು ಗುಣವಾಯಿತು.

ಉಳಿದ ಕಾಲುಪಾಲಿಗೆ ಕಾರಣ ಟ್ಯಾಂಕಿನಲ್ಲಿತ್ತು. ತಳದಿಂದ ಗಾಜಿನ ಬಾಟಲಿಗೆ ಇಳಿಸಿದ ಪೆಟ್ರೋಲು ಸ್ವಲ್ಪ ಹೊತ್ತಿನಲ್ಲೇ ಎರಡು ಪದರಗಳಾಗಿ ನಿಂತಿತು, ಕೆಳಗಿನದು ಮಬ್ಬು. ಈಗ ಪಂಪುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇರುತ್ತದೆ. ಎಥೆನಾಲ್ ನೀರನ್ನು ಹೀರುತ್ತದೆ. ನೀರು ಮಿತಿಮೀರಿದರೆ ಪೆಟ್ರೋಲನ್ನು ಬಿಟ್ಟು ನೀರಿನೊಡನೆ ಕೆಳಗಿಳಿಯುತ್ತದೆ. ಮಳೆಗಾಲವಿಡೀ ಅರೆಟ್ಯಾಂಕಿನಲ್ಲಿ ನಿಂತ ಗಾಡಿಗೆ ಬೇರೇನು ಗತಿ? ಸಾಂಗಲಿ ಜಿಲ್ಲೆಯ ನದೀತೀರ ಕಬ್ಬಿನ ನೆಲ, ಎಥೆನಾಲಿನ ಒಂದು ಮೂಲವೂ ಕಬ್ಬೇ. ಕೃಷ್ಣೆಯ ನೀರಿಗಾಗಿ ದಶಕಗಟ್ಟಲೆ ಕಾದ ಜತ್ತದ ಹಳ್ಳಿಗಳಿಗೆ ಕೃಷ್ಣೆಯ ಕಬ್ಬಿನ ಸಾರವಂತೂ ಪೆಟ್ರೋಲಿನ ಟ್ಯಾಂಕಿಗೇ ತಲುಪಿದೆ.

ಇನ್ನೊಂದು ತೊಡಕು ಲೆಕ್ಕದ್ದು. ಒಂದು ಕಿಲೋ ಶುದ್ಧ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥೆನಾಲಿಗೆ 9 ಸಾಕು, ಈ ಮಿಶ್ರಣಕ್ಕೆ ಸುಮಾರು 13.5. ಹೊಸ ಕಾರಿನ ಗಣಕ ಇದನ್ನು ತಾನೇ ಅರಿತು ಇಂಧನ ಹೆಚ್ಚಿಸುತ್ತದೆ. 1986ರ ಜೆಟ್ಟಿಗೆ ಆ ಬುದ್ಧಿಯಿಲ್ಲ. ಅದು ಹಳೆಯ ಪೆಟ್ರೋಲಿನ ಅಳತೆಯಲ್ಲೇ ಬಡಿಸುತ್ತದೆ, ಮಿಶ್ರಣ ತೆಳುವಾಗುತ್ತದೆ, ನಿಂತಾಗ ಎಂಜಿನ್ ಬಿಕ್ಕುತ್ತದೆ. ಹಳೆಯ ರಬ್ಬರಿನ ಕೊಳವೆಗಳಿಗೂ ಪೆಟ್ರೋಲ್ ಪಂಪಿನ ಡಯಾಫ್ರಾಮಿಗೂ ಎಥೆನಾಲ್ ಆಗಿಬರುವುದಿಲ್ಲ. ಡಯಾಫ್ರಾಮ್ ಹರಿದರೆ ಪೆಟ್ರೋಲು ಎಂಜಿನ್ ಆಯಿಲಿಗೆ ಇಳಿಯುವ ಭಯವುಂಟು. ಆಯಿಲಿನ ಕಡ್ಡಿಗೆ ಪೆಟ್ರೋಲಿನ ವಾಸನೆ ಬಂದರೆ ಗಾಡಿಯನ್ನು ಒಂದು ಮೈಲಿಯೂ ಓಡಿಸಬಾರದು.

ಟ್ಯಾಂಕು ಬರಿದಾಯಿತು, ಕೊಳವೆಗಳೂ ಡಯಾಫ್ರಾಮೂ ಹೊಸವಾದವು. ಐಡಲ್ ಜೆಟ್ಟಿನಲ್ಲಿ ಬಿಳಿಯ ಪುಡಿ ಕಟ್ಟಿತ್ತು. ಮಾಸ್ತರರು ಟಾಚಣಿ ತಂದುಕೊಟ್ಟರೆ ಮಿಸ್ತ್ರಿ ಗದರಿದರು: "ಸೂಜಿ ಹಾಕಬ್ಯಾಡ್ರಿ, ತೂತು ದೊಡ್ಡದಾಕ್ಕತಿ." ಎದುರಿನ ಪಂಕ್ಚರ್ ಅಂಗಡಿಯ ಗಾಳಿಯಿಂದ ಊದಿಸಿದರು. ಎಂಜಿನ್ ಚೆನ್ನಾಗಿ ಕಾದ ಮೇಲೆ ಮಿಶ್ರಣದ ತಿರುಪನ್ನು ಇಷ್ಟಿಷ್ಟೇ ತಿರುಗಿಸುತ್ತ, ಎಂಜಿನ್ ಅತ್ಯಂತ ಸರಾಗವಾಗಿ ತಿರುಗುವ ನೆಲೆಯಲ್ಲಿ ನಿಲ್ಲಿಸಿ, ಏರಿದ ವೇಗವನ್ನು ಥ್ರಾಟಲಿನ ತಿರುಪಿನಿಂದ ಇಳಿಸಿದರು. ಮತ್ತೆ ಮಿಶ್ರಣ, ಮತ್ತೆ ವೇಗ. ಮೊದಲಿಗಿಂತ ಅರ್ಧ ಸುತ್ತು ಹೆಚ್ಚು ಹೊರಗೆ ಬಂದಿತ್ತು ತಿರುಪು, ಅಷ್ಟೆ.

ಮರುದಿನದ ತಪಾಸಣೆಯಲ್ಲಿ ಗಾಡಿ ಮಿತಿಯೊಳಗೆ ಬಂತು. ಮಾಸ್ತರರು ಪತ್ರವನ್ನು ಮಡಿಸಿ ಜೇಬಿಗಿಟ್ಟು, ಮನೆಗೆ ಹೋಗುವ ಬದಲು ಗುಡ್ಡಾಪುರದ ದಾನಮ್ಮನ ಗುಡಿಯ ಕಡೆಗೆ ತಿರುಗಿಸಿದರು. ಗುಡಿಯ ಬಾಗಿಲಲ್ಲಿ ಎಂಜಿನ್ ಆರಿಸದೆ ಎರಡು ನಿಮಿಷ ಹಾಗೆಯೇ ಕುಳಿತು ಕೇಳಿದರಂತೆ.